‘ಗಮ್’ ಎಂದರೆ ಯಾವ ಗಮ್? ವಸಡು, ಗೋಂದು, ಅಂಟು: ಒಂದು ಪದ, ಹಲವು ಅರ್ಥ

ಪುಣೆ ಪಕ್ಕದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಉತ್ತರ ಕರ್ನಾಟಕದಿಂದ ಕೆಲಸಕ್ಕೆಂದು ಬಂದ ಕುಟುಂಬಗಳಿವೆ. ಇವರಿಗೆ ಮನೆಯಲ್ಲಿ ಕನ್ನಡ, ಕಿರಾಣಿ ಅಂಗಡಿಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಹಿಂದಿ. ವೈದ್ಯರು ಬರೆಯುವ ಚೀಟಿ ಮಾತ್ರ ಇಂಗ್ಲಿಷಿನಲ್ಲಿ.

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಅಜ್ಜಿಗೆ ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ವೈದ್ಯರು ‘ಗಮ್ ಪೇಂಟ್’ ಬರೆದುಕೊಟ್ಟಿದ್ದಾರೆ. ಮೊಮ್ಮಗ ತಂದ ಸಣ್ಣ ಬಾಟಲಿಯನ್ನು ಅಜ್ಜಿ ಟಾನಿಕ್ ಎಂದುಕೊಂಡು ಚಮಚದಲ್ಲಿ ಕುಡಿಯಲು ಹೊರಡುತ್ತಾರೆ. ‘ಪೇಂಟ್’ ಎಂದಿರುವುದರಿಂದ ಇದು ಬಣ್ಣವೇ ಇರಬೇಕು ಎಂದು ಸೊಸೆ ಹೆದರುತ್ತಾಳೆ. ಇಬ್ಬರ ಊಹೆಯೂ ತಪ್ಪು. ಅದು ವಸಡಿಗೆ ಹೊರಗಿನಿಂದ ಹಚ್ಚುವ ಔಷಧಿ.

ಇಂತಹ ಗೊಂದಲಕ್ಕೆ ಮೂಲ ‘ಗಮ್’ ಎಂಬ ಪದ. ಆಸ್ಪತ್ರೆಯಲ್ಲಿ, ಔಷಧಿ ಅಂಗಡಿಯಲ್ಲಿ, ಆಹಾರದ ಪೊಟ್ಟಣದ ಮೇಲೆ ಈ ಪದ ಬೇರೆ ಬೇರೆ ಅರ್ಥದಲ್ಲಿ ಬರುತ್ತದೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಒಂದೇ ಉಚ್ಚಾರ, ಎರಡು ಮೂಲ

ಇಂಗ್ಲಿಷಿನಲ್ಲಿ ವಸಡಿಗೂ ಗೋಂದಿಗೂ ‘ಗಮ್’ ಎಂದೇ ಹೆಸರು. ಆದರೆ ಇವೆರಡಕ್ಕೂ ಸಂಬಂಧವಿಲ್ಲ. ವಸಡು ಎಂಬ ಅರ್ಥದ ಪದ ಹಳೆಯ ಇಂಗ್ಲಿಷಿನದು. ಗೋಂದು ಎಂಬ ಅರ್ಥದ ಪದ ಗ್ರೀಕ್, ಲ್ಯಾಟಿನ್, ಫ್ರೆಂಚ್ ಮೂಲಕ ಬಂದದ್ದು. ಕನ್ನಡದಲ್ಲಿ ನಮಗೆ ಈ ತೊಂದರೆ ಇಲ್ಲ. ಹಲ್ಲಿನ ಬುಡವನ್ನು ಹಿಡಿದಿರುವ ಮಾಂಸ ವಸಡು ಅಥವಾ ಒಸಡು. ಮರದಿಂದ ಒಸರುವುದು ಅಂಟು ಅಥವಾ ಗೋಂದು.

ಭೋಸರಿಯಂತಹ ಊರಿನಲ್ಲಿರುವವರು ಇನ್ನೆರಡು ಭಾಷೆಯ ಪದಗಳನ್ನೂ ತಿಳಿದಿರುವುದು ಒಳ್ಳೆಯದು:

• ವಸಡು: ಮರಾಠಿಯಲ್ಲಿ ‘ಹಿರಡೀ’, ಹಿಂದಿಯಲ್ಲಿ ‘ಮಸೂಡಾ’.
• ಗೋಂದು, ಅಂಟು: ಮರಾಠಿಯಲ್ಲಿ ‘ಡಿಂಕ’, ಹಿಂದಿಯಲ್ಲಿ ‘ಗೋಂದ್’.
• ಮರಾಠಿಯಲ್ಲಿ ‘ಹಿರಡಾ’ ಎಂದರೆ ಅಳಲೆಕಾಯಿ. ‘ಹಿರಡೀ’ ಎನ್ನಲು ಹೋಗಿ ‘ಹಿರಡಾ’ ಎಂದರೆ ಅಂಗಡಿಯವರು ಅಳಲೆಕಾಯಿ ಪುಡಿ ಕೊಟ್ಟಾರು.
• ಹಿಂದಿಯಲ್ಲಿ ‘ಗಮ್’ ಎಂದರೆ ದುಃಖ. ‘ಗಮ್ ಹೈ’ ಎಂದರೆ ಕೇಳುವವರಿಗೆ ನಿಮ್ಮ ವಸಡು ನೆನಪಾಗುವುದಿಲ್ಲ.

ಪದ ನೆನಪಾಗದಿದ್ದರೆ ನಾಚಿಕೆ ಬೇಡ. ಬಾಯಿ ತೆರೆದು ಬೆರಳಿನಿಂದ ಜಾಗ ತೋರಿಸಿ. ಅದಕ್ಕಿಂತ ಸ್ಪಷ್ಟವಾದ ಭಾಷೆ ಇಲ್ಲ.

ವಸಡು: ರಕ್ತ ಬಂದರೆ ಏನು ಅರ್ಥ?

ಆರೋಗ್ಯವಾದ ವಸಡು ಬಿಗಿಯಾಗಿರುತ್ತದೆ, ಹಲ್ಲುಜ್ಜಿದಾಗ ರಕ್ತ ಬರುವುದಿಲ್ಲ. ಅದರ ಬಣ್ಣ ಮೈಬಣ್ಣಕ್ಕೆ ತಕ್ಕಂತೆ ಗುಲಾಬಿಯಿಂದ ಕಂದು ಬಣ್ಣದವರೆಗೆ ಇರಬಹುದು. ಆದ್ದರಿಂದ ವಸಡು ಕಪ್ಪಗಿದೆ ಎಂಬುದೇ ರೋಗವಲ್ಲ. ಊತ, ಕೆಂಪು, ರಕ್ತ, ದುರ್ವಾಸನೆ ಇವು ರೋಗದ ಲಕ್ಷಣಗಳು.

ರಕ್ತ ಬರಲು ಸಾಮಾನ್ಯ ಕಾರಣ ಹಲ್ಲಿನ ಬುಡದಲ್ಲಿ ಕೂರುವ ಪಾಚಿಯಂತಹ ಪದರ. ಅದನ್ನು ದಿನವೂ ತೆಗೆಯದಿದ್ದರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ನಿಲ್ಲಿಸುವುದು ತಪ್ಪು. ನಿಲ್ಲಿಸಿದರೆ ಪದರ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಮೆದು ಬ್ರಷ್‌ನಿಂದ ದಿನಕ್ಕೆ 2 ಸಲ ನಿಧಾನವಾಗಿ ಉಜ್ಜಿ. ಕಿಟ್ಟವನ್ನು ಮನೆಯಲ್ಲಿ ತೆಗೆಯಲಾಗದು, ದಂತವೈದ್ಯರೇ ತೆಗೆಯಬೇಕು. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತು ನಿಜವಲ್ಲ. ಕಿಟ್ಟ ಹೋದ ಮೇಲೆ ಅಲ್ಲಿ ಸಂದು ಇದ್ದಂತೆ ಅನಿಸುತ್ತದೆ, ಅಷ್ಟೆ.

ವಸಡಿನ ತೊಂದರೆಗೆ ಬಾಯಿಯ ಹೊರಗಿನ ಕಾರಣಗಳೂ ಇರಬಹುದು:

• ಸಕ್ಕರೆ ಕಾಯಿಲೆ: ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ರೋಗ ಹೆಚ್ಚುತ್ತದೆ. ವಸಡಿನ ಸೋಂಕು ಇದ್ದರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ.
• ಕೆಲವು ಔಷಧಿಗಳು: ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೆಲವರಲ್ಲಿ ವಸಡನ್ನು ಊದಿಸುತ್ತವೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.
• ಗರ್ಭಧಾರಣೆ: ಹಾರ್ಮೋನ್ ಬದಲಾವಣೆಯಿಂದ ವಸಡು ಊದಬಹುದು. ಗರ್ಭಿಣಿಯರೂ ಹಲ್ಲಿನ ಚಿಕಿತ್ಸೆ ಪಡೆಯಬಹುದು.
• ರೋಗನಿರೋಧಕ ಶಕ್ತಿ ಕುಗ್ಗಿದಾಗ: ಎಚ್‌ಐವಿ ಇರುವವರಲ್ಲಿ ವಸಡಿನ ತೀವ್ರ ಸೋಂಕು ಕಾಣಿಸಬಹುದು. ವೈದ್ಯರು ರಕ್ತ ಪರೀಕ್ಷೆ ಹೇಳಿದರೆ ಅದು ಅನುಮಾನವೂ ಅಲ್ಲ, ಅವಮಾನವೂ ಅಲ್ಲ. 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಇರುವುದು ಇದೇ ಭೋಸರಿಯಲ್ಲಿ. ಇಂದು ಎಚ್‌ಐವಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಇದೆ.

ಗಮ್ ಪೇಂಟ್: ಕುಡಿಯುವುದಲ್ಲ, ಹಚ್ಚುವುದು

ಗಮ್ ಪೇಂಟ್ ವಸಡಿಗೆ ಹಚ್ಚಿ ಮೆಲ್ಲಗೆ ತಿಕ್ಕುವ ದ್ರವ. ಕೈ ತೊಳೆದುಕೊಂಡು, ಶುಭ್ರ ಬೆರಳಿಗೆ ಅಥವಾ ಹತ್ತಿಗೆ ಕೆಲವು ಹನಿ ಹಾಕಿಕೊಂಡು ಹಚ್ಚಬೇಕು. ಎಷ್ಟು ಸಲ, ಎಷ್ಟು ದಿನ ಎಂಬುದು ಚೀಟಿಯಲ್ಲಿ ಬರೆದಂತೆ. ನುಂಗಬಾರದು. ಊತ, ಉರಿ ತುಸು ಕಡಿಮೆಯಾಗಬಹುದು. ಆದರೆ ಕಿಟ್ಟ ಹಾಗೇ ಇದ್ದರೆ ರೋಗ ಮರಳುತ್ತದೆ. ಮಕ್ಕಳ ಕೈಗೆ ಸಿಗದಂತೆ, ಕೆಮ್ಮಿನ ಸಿರಪ್ ಬಾಟಲಿಗಳಿಂದ ದೂರ ಇಡಿ.

ಮಶೇರಿ: ವಸಡಿಗೆ ಹಚ್ಚುವ ವಿಷ

ವಸಡು ನೋಯುತ್ತದೆಂದು ಹಚ್ಚುವ ಇನ್ನೊಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಹುರಿದು ಪುಡಿ ಮಾಡಿ ಹಲ್ಲು, ವಸಡಿಗೆ ಉಜ್ಜುವ ರೂಢಿ ಇದೆ. ಇದೇ ಮಶೇರಿ, ಮಿಶ್ರಿ. ಮಹಿಳೆಯರಲ್ಲಿ ಈ ಅಭ್ಯಾಸ ಹೆಚ್ಚು. ಹಲವರು ಇದನ್ನು ಹಲ್ಲುಪುಡಿ ಎಂದೇ ತಿಳಿದಿದ್ದಾರೆ. ‘ನಾನು ತಂಬಾಕು ಮುಟ್ಟುವುದಿಲ್ಲ, ಮಶೇರಿ ಮಾತ್ರ’ ಎನ್ನುತ್ತಾರೆ.

ಮಶೇರಿ ತಂಬಾಕೇ. ಹುರಿದರೆ ಅದರ ನಿಕೋಟಿನ್ ಹೋಗುವುದಿಲ್ಲ. ನೋವು ಕಡಿಮೆಯಾದಂತೆ ಅನಿಸಿದರೂ ವಸಡು ಸವೆದು ಹಲ್ಲಿನ ಬೇರು ಹೊರಗೆ ಕಾಣಿಸುತ್ತದೆ. ಬಾಯಿ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರು ಬಳಸಿದರೆ ಮಗುವಿನ ತೂಕ ಕಡಿಮೆಯಾಗುವ ಅಪಾಯವಿದೆ. ವೈದ್ಯರು ‘ತಂಬಾಕು ಇದೆಯೇ?’ ಎಂದು ಕೇಳಿದಾಗ ಮಶೇರಿಯನ್ನೂ, ಗುಟ್ಕಾವನ್ನೂ ಹೆಸರಿಸಿ ಹೇಳಿ.

ನಿಕೋಟಿನ್ ಗಮ್: ಚೂಯಿಂಗ್ ಗಮ್‌ನಂತೆ ಅಗಿಯಬೇಡಿ

ತಂಬಾಕು ಬಿಡಲು ನೆರವಾಗುವ ಔಷಧಿ ನಿಕೋಟಿನ್ ಗಮ್. ಇದು 2 ಮಿ.ಗ್ರಾಂ ಮತ್ತು 4 ಮಿ.ಗ್ರಾಂ ಪ್ರಮಾಣದಲ್ಲಿ ಬರುತ್ತದೆ. ಬಳಸಿದರೂ ಗುಣ ಕಾಣಲಿಲ್ಲ ಎನ್ನುವವರಲ್ಲಿ ಅನೇಕರು ಅಗಿಯುವ ಕ್ರಮದಲ್ಲೇ ತಪ್ಪಿರುತ್ತಾರೆ. ಸರಿಯಾದ ಕ್ರಮ ಹೀಗೆ:

1. ಚಹಾ, ಕಾಫಿ, ತಂಪು ಪಾನೀಯ ಕುಡಿದು 15 ನಿಮಿಷ ಬಿಟ್ಟು ಬಾಯಿಗೆ ಹಾಕಿಕೊಳ್ಳಿ.
2. ನಾಲಿಗೆಗೆ ಖಾರ ಅಥವಾ ಜುಮ್ಮೆನಿಸುವವರೆಗೆ ಮಾತ್ರ ನಿಧಾನವಾಗಿ ಅಗಿಯಿರಿ.
3. ಅಗಿಯುವುದು ನಿಲ್ಲಿಸಿ, ಅದನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ.
4. ಖಾರ ಇಳಿದ ಮೇಲೆ ಮತ್ತೆ ಅಗಿದು, ಬೇರೆ ಜಾಗದಲ್ಲಿ ಇಡಿ. ಹೀಗೆ ಸುಮಾರು 30 ನಿಮಿಷ.
5. ನಂತರ ಕಾಗದದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ.

ಬೇಗ ಬೇಗ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳಿಯೇ ಬಳಸಬೇಕು. ತಂಬಾಕು ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356.

ಸಾಮಾನ್ಯ ಚೂಯಿಂಗ್ ಗಮ್ ಬೇರೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಸಿಸೇರಿಯನ್ ಆದ ಮೇಲೆ ಕೆಲವು ಆಸ್ಪತ್ರೆಗಳಲ್ಲಿ ಇದನ್ನು ಅಗಿಯಲು ಹೇಳುತ್ತಾರೆ. ಕರುಳು ಬೇಗ ಚಲಿಸತೊಡಗಲಿ ಎಂಬುದು ಉದ್ದೇಶ. ನರ್ಸ್ ‘ಗಮ್ ತನ್ನಿ’ ಎಂದರೆ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಮಗು ಒಂದು ಚೂಯಿಂಗ್ ಗಮ್ ನುಂಗಿದರೆ ಅದು ಕರುಳಿಗೆ ಅಂಟಿಕೊಂಡು ವರ್ಷಗಟ್ಟಲೆ ಇರುವುದಿಲ್ಲ, ಕೆಲವು ದಿನಗಳಲ್ಲಿ ಮಲದಲ್ಲಿ ಹೋಗುತ್ತದೆ. ಗಂಟಲಿಗೆ ಸಿಕ್ಕಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತುರ್ತು.

ತಿನ್ನುವ ಅಂಟು: ಕರದಂಟಿನಿಂದ ಪೊಟ್ಟಣದವರೆಗೆ

ಗೋಕಾಕ ಮತ್ತು ಅಮೀನಗಡದ ಕರದಂಟು ಯಾರಿಗೆ ಗೊತ್ತಿಲ್ಲ? ಕರಿದ ಅಂಟು ಇರುವುದರಿಂದಲೇ ಅದು ಕರದಂಟು. ಬಾಣಂತಿಗೆ ಅಂಟಿನುಂಡೆ ಕೊಡುವ ರೂಢಿ ನಮ್ಮಲ್ಲಿದೆ, ಮಹಾರಾಷ್ಟ್ರದಲ್ಲಿ ಅದೇ ಡಿಂಕದ ಲಾಡು. ತಿನ್ನುವ ಅಂಟು ಬಹುಪಾಲು ನಾರಿನಂಶ. ಉಂಡೆಯ ಶಕ್ತಿ ಬರುವುದು ಅದರ ಜೊತೆಗಿರುವ ಬೆಲ್ಲ, ಒಣಕೊಬ್ಬರಿ, ತುಪ್ಪ, ಗೋಡಂಬಿಯಿಂದ. ಸಕ್ಕರೆ ಕಾಯಿಲೆ ಇರುವವರು, ಗರ್ಭಾವಸ್ಥೆಯಲ್ಲಿ ಸಕ್ಕರೆ ಏರಿದ್ದವರು ಪ್ರಮಾಣ ನೋಡಿಕೊಂಡು ತಿನ್ನಬೇಕು.

ಪೊಟ್ಟಣದ ಮೇಲೆ ‘ಗಮ್’ ಎಂದಿದ್ದರೆ ಅದು ಕಾಗದ ಅಂಟಿಸುವ ಗೋಂದಲ್ಲ. ಗ್ವಾರ್ ಗಮ್, ಅಂದರೆ ಸಂಖ್ಯೆ 412, ನಮ್ಮ ಗೋರಿಕಾಯಿ ಅಥವಾ ಚವಳಿಕಾಯಿಯ ಬೀಜದಿಂದ ಬರುತ್ತದೆ. 414 ಎಂದರೆ ಗಮ್ ಅರೇಬಿಕ್, 415 ಎಂದರೆ ಕ್ಸಾಂಥನ್ ಗಮ್. ಐಸ್‌ಕ್ರೀಮ್, ಸಾಸ್‌ಗಳನ್ನು ಮಂದವಾಗಿಸಲು ಇವನ್ನು ಬಳಸುತ್ತಾರೆ. ಪಾರ್ಶ್ವವಾಯು ಆಗಿ ನೀರು ನುಂಗಲು ಕಷ್ಟಪಡುವವರಿಗೆ ಕೊಡುವ ‘ಥಿಕ್ನರ್’ ಪುಡಿಯಲ್ಲೂ ಕ್ಸಾಂಥನ್ ಗಮ್ ಇರಬಹುದು. ಅದನ್ನು ಹೇಳಿದ ಅಳತೆಯಲ್ಲೇ ಬೆರೆಸಿ. ವೈದ್ಯರು ಹೇಳದೆ ಹಸುಗೂಸಿಗೆ ಕೊಡಬೇಡಿ. ನಾರಿನ ಪುಡಿಗಳನ್ನು ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲು, ಅನ್ನನಾಳದಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು.

ಅಂಟಿಸುವ ಗಮ್: ಬಾಯಿ, ಕಣ್ಣು, ಉಸಿರಿನಿಂದ ದೂರ

ಮುರಿದ ಹಲ್ಲುಸೆಟ್ಟನ್ನು, ಕಳಚಿದ ಹಲ್ಲಿನ ಟೋಪಿಯನ್ನು ಕ್ಷಣದಲ್ಲಿ ಅಂಟುವ ಗಮ್‌ನಿಂದ ಅಂಟಿಸಬೇಡಿ. ಹಲ್ಲುಸೆಟ್ ಕೂರಿಸುವ ಅಂಟು ಬೇರೆಯೇ ಇದೆ. ಇಂತಹ ಗಮ್ ಬೆರಳಿಗೆ ಅಂಟಿದರೆ ಬಿಸುಪಾದ ಸಾಬೂನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಎಳೆಯಬೇಡಿ. ಉಗುರುಬೆಚ್ಚಗಿನ ನೀರಿನಿಂದ ತೊಳೆದು ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ.

ಪಂಕ್ಚರ್ ಹಚ್ಚುವ ಸೊಲ್ಯೂಷನ್, ಚಪ್ಪಲಿಯ ಗಮ್‌ಗಳಲ್ಲಿ ಟಾಲ್ವಿನ್‌ನಂತಹ ದ್ರಾವಕಗಳಿರುತ್ತವೆ. ಕೆಲವು ಮಕ್ಕಳು ನಶೆಗಾಗಿ ಇದನ್ನು ಬಟ್ಟೆಗೆ ಹಾಕಿ ಮೂಸುತ್ತಾರೆ. ಇದು ಮಿದುಳು, ನರ, ಮೂತ್ರಪಿಂಡವನ್ನು ಕೆಡಿಸುತ್ತದೆ. ಹೃದಯ ಬಡಿತ ಏರುಪೇರಾಗಿ ಹಠಾತ್ ಸಾವೂ ಸಂಭವಿಸಬಹುದು. ಬಟ್ಟೆಯಲ್ಲಿ ರಾಸಾಯನಿಕ ವಾಸನೆ, ಬಾಯಿ ಸುತ್ತ ಗುಳ್ಳೆ, ತೊದಲು ಮಾತು ಕಂಡರೆ ಹೊಡೆಯಬೇಡಿ, ಮಾತನಾಡಿಸಿ. ವ್ಯಸನಮುಕ್ತಿ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098.

ಯಾವಾಗ ತಡಮಾಡಬಾರದು?

• ಜ್ವರದ ಜೊತೆ ವಸಡಿನಲ್ಲಿ ರಕ್ತ ಅಥವಾ ಮೈಮೇಲೆ ಕೆಂಪು ಚುಕ್ಕೆ: ಡೆಂಗಿ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.
• ವಸಡಿನ ಕೀವು, ಊತ ಕೆನ್ನೆ ಅಥವಾ ಕತ್ತಿಗೆ ಹರಡಿದರೆ, ನುಂಗಲು, ಉಸಿರಾಡಲು ಕಷ್ಟವಾದರೆ.
• ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ರಕ್ತ ನಿಲ್ಲದಿದ್ದರೆ.
• ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ 2 ವಾರದಲ್ಲಿ ವಾಸಿಯಾಗದಿದ್ದರೆ, ನೋವಿಲ್ಲದಿದ್ದರೂ ತೋರಿಸಿ.

ನೆನಪಿಡಿ

ಚೀಟಿಯಲ್ಲಿ ‘ಗಮ್’ ಎಂದು ಕಂಡಾಗ ಮೂರು ಪ್ರಶ್ನೆ ಕೇಳಿ: ಇದು ಹಚ್ಚುವುದೋ, ಅಗಿಯುವುದೋ, ನುಂಗುವುದೋ? ದಿನಕ್ಕೆ ಎಷ್ಟು ಸಲ? ಎಷ್ಟು ದಿನ? ಉತ್ತರವನ್ನು ಕನ್ನಡದಲ್ಲಿ ಬಾಟಲಿಯ ಮೇಲೆ ಬರೆದು ಅಂಟಿಸಿ. ಮನೆಯಲ್ಲಿ ಅದನ್ನು ಬಳಸುವವರಿಗೆ ಇಂಗ್ಲಿಷ್ ಬರಬೇಕೆಂದಿಲ್ಲ.