ಕಲಿಕೆಯ ಏಣಿ ಮತ್ತು ವರ್ತಕರ ಹೊಣೆ

ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಒಣಮೆಣಸಿನಕಾಯಿಯ ಆವಕ ಏರುವ ತಿಂಗಳುಗಳಲ್ಲಿಯೇ ಶಾಲಾ ವರ್ಷದ ಉತ್ತರಾರ್ಧವೂ ನಡೆದಿರುತ್ತದೆ. ಕಾಯಿ ಬಿಡಿಸಲು, ತೊಟ್ಟು ತೆಗೆಯಲು ತಾಯಿ ಕೂಲಿಗೆ ಹೊರಟಳೆಂದರೆ ಮನೆಯ ಕೂಸನ್ನು ನೋಡಿಕೊಳ್ಳುವ ಭಾರ ಎಂಟು ವರ್ಷದ ಹುಡುಗಿಯ ಮೇಲೆ ಬೀಳುವುದುಂಟು. ರಾಣೆಬೆನ್ನೂರಿನ ಸುತ್ತಲಿನ ಸಂಕರಣ ಬೀಜೋತ್ಪಾದನೆಯಲ್ಲಿ ಪರಾಗಸ್ಪರ್ಶವನ್ನು ಕೈಯಿಂದಲೇ ಮಾಡಬೇಕಾಗಿರುವುದರಿಂದ ಅಲ್ಲಿಯೂ ಕೂಲಿಯ ಒತ್ತಡ ಹೆಚ್ಚು. ಹದಿನೈದು ದಿನ ಶಾಲೆ ತಪ್ಪಿದ ಮಗು ಮರಳಿ ಬರುವಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತದೆ.

ನಲಿ-ಕಲಿಯ ಕ್ರಮ

ಇಂತಹ ಮಗುವನ್ನು ಗಮನದಲ್ಲಿಟ್ಟ ಪಠ್ಯಕ್ರಮವೊಂದು ಈ ರಾಜ್ಯದಲ್ಲಿಯೇ ರೂಪುಗೊಂಡಿದೆ. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಿತರಾದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರಿಂದ ಅದನ್ನು ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಲಾಯಿತು.

ಇದರಲ್ಲಿ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ ‘ಕಲಿಕಾ ಏಣಿ’ಯಲ್ಲಿ ಜೋಡಿಸಲಾಗಿರುತ್ತದೆ. ಪ್ರತಿ ಮೆಟ್ಟಿಲಿಗೂ ಕಾರ್ಡುಗಳಿವೆ. ಕೆಲವು ಮಕ್ಕಳು ಶಿಕ್ಷಕರ ನೆರವಿನಿಂದ, ಕೆಲವರು ಸಹಪಾಠಿಗಳ ನೆರವಿನಿಂದ, ಇನ್ನು ಕೆಲವರು ಸ್ವತಃ ಕಲಿಯುತ್ತಾರೆ. ಗೈರುಹಾಜರಾಗಿದ್ದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಮಗುವಿಗೂ ಪ್ರತ್ಯೇಕ ಖಾತೆಯಿದ್ದು, ಹಿಂದಿನ ಬಾಕಿ ಮುಂದಿನ ಪುಟಕ್ಕೆ ಸರಿಯಾಗಿ ಬರುತ್ತದೆ.

ಎಲ್ಲರಿಗೂ ಅವಕಾಶ, ಗುರಿಯಲ್ಲಿ ರಿಯಾಯಿತಿಯಿಲ್ಲ

ಎಲ್ಲರನ್ನೂ ಒಳಗೊಳ್ಳುವುದೆಂದರೆ ಗುರಿಯನ್ನು ಇಳಿಸುವುದೆಂದು ಕೆಲವರು ಭಾವಿಸುತ್ತಾರೆ. ಏಣಿಯ ಅರ್ಥ ಅದಲ್ಲ. ಹತ್ತುವ ವೇಗ ಬೇರೆಬೇರೆಯಾಗಬಹುದು, ತಲುಪಬೇಕಾದ ಎತ್ತರ ಒಂದೇ. ಮೆಟ್ಟಿಲು ಪೂರೈಸದೆ ಟಿಕ್ ಗುರುತು ಹಾಕಿದರೆ ಅದು ತಾಳೆ ನೋಡದ ಲೆಕ್ಕದಂತೆ. ದೋಷ ವರ್ಷಗಳ ನಂತರ ಹೊರಬೀಳುತ್ತದೆ. 2021ರಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯೂ ಮೂರನೆಯ ತರಗತಿಯ ಅಂತ್ಯಕ್ಕೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಮೂಲ ಲೆಕ್ಕ ಮಾಡಬೇಕು ಎಂಬ ಗುರಿಯನ್ನಿಟ್ಟಿದೆ.

ಈ ಎತ್ತರ ಎಷ್ಟಿರಬೇಕೆಂಬುದಕ್ಕೆ ಪೇಟೆಯಲ್ಲಿಯೇ ಅಳತೆಗೋಲಿದೆ. ಚೀಲದ ತೂಕ ಕಳೆದು 28 ಕಿಲೋ ಮೆಣಸಿನಕಾಯಿ, ಕ್ವಿಂಟಲ್‌ಗೆ ರೂ. 20,000 ದರವಾದರೆ ಕೈಗೆ ಬರಬೇಕಾದುದು ರೂ. 5,600. ತಂದೆ ತಂದ ಪಟ್ಟಿಯನ್ನು ಐದನೆಯ ತರಗತಿಯ ಮಗಳು ಓದಿ, ಈ ಲೆಕ್ಕವನ್ನು ತಾನೇ ಒರೆಗೆ ಹಚ್ಚುವಂತಾದರೆ ಶಾಲೆಯ ಶ್ರಮ ಸಾರ್ಥಕ. ಹಾವೇರಿಯ ಏಲಕ್ಕಿ ಹಾರದ ಎಳೆಗಳಿಂದ ಗುಣಾಕಾರವನ್ನೂ ಕಲಿಸಬಹುದು.

ವರ್ತಕರು ಮಾಡಬಹುದಾದುದು

ಕಂಪನಿ ಕಾಯ್ದೆ 2013ರ 135ನೆಯ ವಿಧಿಯ ಸಾಮಾಜಿಕ ಹೊಣೆಗಾರಿಕೆ ವೆಚ್ಚವು ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು. ದಲಾಲಿ ಅಂಗಡಿಗಳಿಗೂ ಸಣ್ಣ ಕಾರ್ಖಾನೆಗಳಿಗೂ ಅದು ತಗಲುವುದು ವಿರಳ. ಆದರೆ ಇಲ್ಲಿ ಹಣಕ್ಕಿಂತ ಶಿಸ್ತು ಮುಖ್ಯ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ನೇಮಿಸಿಕೊಳ್ಳುವುದು ಅಪರಾಧವಾಗಿದ್ದು, ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ಅಥವಾ ರೂ. 20,000ದಿಂದ ರೂ. 50,000ದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ. ಗುತ್ತಿಗೆಗೆ ತೊಟ್ಟು ತೆಗೆಸುವವರು ಈ ಷರತ್ತನ್ನು ಮೇಸ್ತ್ರಿಗೆ ಮೊದಲೇ ತಿಳಿಸುವುದು ಲೇಸು.

ಹಂಗಾಮಿನಲ್ಲಿ ಕೆಲಸದ ಸ್ಥಳದ ಬಳಿ ಕೂಸುಗಳಿಗೆ ನೆರಳು, ನೋಡಿಕೊಳ್ಳಲು ಒಬ್ಬ ಆಯಾ, ಇಷ್ಟನ್ನು ನಾಲ್ಕಾರು ಅಂಗಡಿಗಳು ಸೇರಿ ಒದಗಿಸಿದರೆ ಅಕ್ಕಂದಿರು ಶಾಲೆಯಲ್ಲಿ ಉಳಿಯುತ್ತಾರೆ. ಹಳೆಯ ಪಟ್ಟಿಗಳನ್ನು ಹೆಸರು ಅಳಿಸಿ ಶಾಲೆಗೆ ಕೊಟ್ಟರೆ ಗಣಿತಕ್ಕೆ ಒಳ್ಳೆಯ ಕಾರ್ಡುಗಳಾಗುತ್ತವೆ.

ಇಂದು ಏಣಿಯ ಕೆಳಗಿನ ಮೆಟ್ಟಿಲಲ್ಲಿರುವ ಮಗುವೇ ನಾಳೆ ಅಂಗಡಿಯ ಗುಮಾಸ್ತ, ಯಂತ್ರದ ಚಾಲಕ ಅಥವಾ ಪಕ್ಕದ ಮಳಿಗೆಯ ಮಾಲೀಕ. ಆ ಖಾತೆಯಲ್ಲಿ ಬಾಕಿ ಉಳಿದರೆ ನಷ್ಟ ಪೇಟೆಗೂ ತಟ್ಟುತ್ತದೆ.