ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇ-ಮೇಲ್ ಪ್ರೋಗ್ರಾಮ್ ಥಂಡರ್‌ಬರ್ಡ್‌ಗೆ ಮರೆವಿನ ರೋಗ, ಎಷ್ಟು ಸಲ ಸೇವ್ ಮಾಡಿದರೂ ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುತ್ತದೆ ಎಂಬ ದೂರಿಗೆ ಎಲ್ಲೆಡೆ ಸಿಗುವ ಮದ್ದು ಒಂದೇ: ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿ. ರೋಗದ ಹೆಸರೇ ತಪ್ಪಾದ ಮೇಲೆ ಮದ್ದು ನಾಟುವುದು ಹೇಗೆ? ಕೇಳುವುದೇ ಬೇರೆ, ಮರೆಯುವುದೇ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ಸೇವ್ಡ್ ಪಾಸ್‌ವರ್ಡ್ಸ್ ಪಟ್ಟಿ ತೆರೆದರೆ, ಕಳೆದುಹೋಯಿತೆಂದು ಗೋಳಾಡುವ ಪಾಸ್‌ವರ್ಡ್ ಎಷ್ಟೋ ಸಲ ಅಲ್ಲೇ ತಣ್ಣಗೆ ಕೂತಿರುತ್ತದೆ. ಆದರೆ ಆ ಪಟ್ಟಿಯನ್ನು ತೆರೆದು ನೋಡುವವರೇ ಇಲ್ಲ.

ನಡೆಯುವುದು ಇಷ್ಟೆ. ಉಳಿಸಿಟ್ಟ ಪಾಸ್‌ವರ್ಡನ್ನು ಪ್ರೋಗ್ರಾಮ್ ಸರ್ವರ್‌ಗೆ ಒಪ್ಪಿಸುತ್ತದೆ; ಸರ್ವರ್ ‘ನೋ’ ಎಂದರೆ ಬೇರೆ ಪಾಸ್‌ವರ್ಡ್ ಇದೆಯೇ ಎಂದು ನಮ್ಮತ್ತ ತಿರುಗುತ್ತದೆ. ಮೇಲ್ ತರಿಸುವ ಐಮ್ಯಾಪ್‌ನಲ್ಲಿ ಈ ನಿರಾಕರಣೆಗೆ ಕಾರಣ ತಿಳಿಸುವ ಸಂಕೇತಗಳು ಆರ್‌ಎಫ್‌ಸಿ 5530 ಎಂಬ ತಾಂತ್ರಿಕ ದಾಖಲೆಯ ಮೂಲಕ ಬಂದದ್ದೇ 2009ರಲ್ಲಿ: ಗುರುತು ಒಪ್ಪಿಗೆಯಾಗಲಿಲ್ಲ, ಪಾಸ್‌ವರ್ಡಿನ ಅವಧಿ ಮುಗಿದಿದೆ, ಸರ್ವರ್ ಕಡೆಯ ವ್ಯವಸ್ಥೆ ತಾತ್ಕಾಲಿಕವಾಗಿ ಕೆಟ್ಟಿದೆ, ಹೀಗೆ ಒಂದೊಂದಕ್ಕೂ ಒಂದು. ಈ ಮೂರರಲ್ಲಿ ಒಂದಕ್ಕೂ ನಮ್ಮ ಕಂಪ್ಯೂಟರಿನ ನೆನಪಿನ ಶಕ್ತಿಗೂ ಸಂಬಂಧವಿಲ್ಲ. ಇದರ ಮೇಲೆ ಕಂಪನಿಗಳು ಬೀಗವನ್ನೇ ಬದಲಿಸಿವೆ. 2022ರ ಮೇ 30ರಿಂದ ಗೂಗಲ್, ವೈಯಕ್ತಿಕ ಖಾತೆಯ ಮಾಮೂಲು ಪಾಸ್‌ವರ್ಡನ್ನಷ್ಟೇ ಕೊಟ್ಟು ಬೇರೆ ಪ್ರೋಗ್ರಾಮ್‌ಗಳಿಂದ ಒಳಬರುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಕೂಡ ಅದೇ ವರ್ಷದ ಅಕ್ಟೋಬರ್‌ನಿಂದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ, 2024ರ ಸೆಪ್ಟೆಂಬರ್ 16ರಿಂದ ಔಟ್‌ಲುಕ್ ಡಾಟ್ ಕಾಮ್‌ನಲ್ಲಿ ಇದೇ ದಾರಿ ಹಿಡಿಯಿತು. ಹಳೆಯ ಕೀಲಿಯನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡರೇನು, ಹೊಸ ಬೀಗ ತೆರೆಯುವುದಿಲ್ಲ. ಇಂಥ ಖಾತೆಯ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ‘ನಾರ್ಮಲ್ ಪಾಸ್‌ವರ್ಡ್’ ಇದ್ದಲ್ಲಿ ಹೊಸ ಬೀಗಕ್ಕೆ ಹೊಂದುವ ‘ಓಆತ್2’ ಆರಿಸಬೇಕು. ಮೇಲ್ ಕಳುಹಿಸುವ ಎಸ್‌ಎಮ್‌ಟಿಪಿಯಲ್ಲೂ ಅದನ್ನೇ ಮಾಡಬೇಕು. ಬರುವ ಮೇಲ್ ಬಂದು, ಕಳುಹಿಸುವಾಗ ಮಾತ್ರ ಪಾಸ್‌ವರ್ಡ್ ಕೇಳುತ್ತಿದ್ದರೆ ಇದು ಬಾಕಿ ಉಳಿದಿರಬಹುದು.

ಮತ್ತೆ ಇನ್‌ಸ್ಟಾಲ್ ಮಾಡಿದ ಮೇಲೆ ಸರಿಯಾಯಿತಲ್ಲ ಎಂಬ ವಾದ ಬಂದೇ ಬರುತ್ತದೆ. ಥಂಡರ್‌ಬರ್ಡನ್ನು ತೆಗೆದರೂ ಅದರ ಪ್ರೊಫೈಲ್ ಫೋಲ್ಡರ್ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಹೊಸದಾಗಿ ಹಾಕಿದ್ದು ಅದೇ ಹಳೆಯ ಸೆಟ್ಟಿಂಗ್‌ಗಳನ್ನು ಎತ್ತಿಕೊಳ್ಳುತ್ತದೆ. ಆ ಅರ್ಧ ಗಂಟೆಯಲ್ಲಿ ಸರ್ವರ್ ತಾನಾಗಿಯೇ ಚೇತರಿಸಿಕೊಂಡಿದ್ದರೆ ಕೀರ್ತಿ ಇನ್‌ಸ್ಟಾಲ್ ಮಾಡಿದವರಿಗೆ! ಇದಕ್ಕಿಂತ ದುಬಾರಿಯಾದ ಸಲಹೆ, ಖಾತೆಯ ಪಾಸ್‌ವರ್ಡನ್ನೇ ಬದಲಿಸಿ ಎಂಬುದು. ಗೂಗಲ್ ಪಾಸ್‌ವರ್ಡ್ ಬದಲಿಸಿದರೆ, ಬೇರೆ ಪ್ರೋಗ್ರಾಮ್‌ಗಳಿಗೆಂದೇ ಪಡೆದ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ನೆಟ್ಟಗೆ ನಡೆಯುತ್ತಿದ್ದ ಇನ್ನೊಂದು ಸಾಧನವೂ ಅಂದಿನಿಂದ ಪಾಸ್‌ವರ್ಡ್ ಕೇಳತೊಡಗುತ್ತದೆ. ಇನ್ನು, ಇದೆಲ್ಲ ವೈರಸ್ ಕಾಟ ಎನ್ನುವವರಿಗೆ ಒಂದೇ ಮಾತು: ಪಾಸ್‌ವರ್ಡ್ ಕದಿಯಲು ಬಂದ ಕಳ್ಳ ಅದನ್ನು ಅಳಿಸಿ ಹೋಗಿ ನಿಮ್ಮನ್ನು ಎಚ್ಚರಿಸುವುದಿಲ್ಲ.

ಹಾಗಾದರೆ ಪ್ರೋಗ್ರಾಮ್ ಎಂದೂ ಮರೆಯುವುದೇ ಇಲ್ಲವೆ? ಮರೆಯುತ್ತದೆ, ಆದರೆ ಅದಕ್ಕೆ ಗುರುತು ಬೇರೆ. ಥಂಡರ್‌ಬರ್ಡ್‌ನ ಪಾಸ್‌ವರ್ಡ್‌ಗಳು ‘ಲಾಗಿನ್ಸ್ ಡಾಟ್ ಜೇಸನ್’ ಎಂಬ ಕಡತದಲ್ಲಿ, ಅವುಗಳ ಕೀಲಿ ‘ಕೀ4 ಡಾಟ್ ಡಿಬಿ’ ಎಂಬ ಕಡತದಲ್ಲಿ ಇರುತ್ತವೆ. ಅರೆಬರೆ ಬ್ಯಾಕಪ್‌ನಿಂದಲೋ ಕಸ ಗುಡಿಸುವ ತಂತ್ರಾಂಶದಿಂದಲೋ ಕೀಲಿ ಹೋದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಇಂಥ ಕಡೆ ಸೇವ್ಡ್ ಪಾಸ್‌ವರ್ಡ್ಸ್ ಪಟ್ಟಿಯೇ ಖಾಲಿ ಹೊಡೆಯುತ್ತದೆ ಅಥವಾ ಓದಲಾಗದಂತಿರುತ್ತದೆ. ಪ್ರತಿ ಸಲ ಪ್ರೋಗ್ರಾಮ್ ತೆರೆದಾಗ ಪ್ರೈಮರಿ ಪಾಸ್‌ವರ್ಡ್ ಕೇಳುವುದಂತೂ ಮರೆವಲ್ಲ. ಅದು ನಾವೇ ಹಾಕಿಕೊಂಡ ಬೀಗ.

ಎದುರಿಗೆ ಕಾಣುವ ಕಿಟಕಿಯನ್ನು ದೂರುವುದು ಸುಲಭ, ಅದು ಏನು ಹೇಳುತ್ತಿದೆ ಎಂದು ಓದುವುದು ಕಷ್ಟ. ಯಾರೋ ಫಾರ್ವರ್ಡ್ ಮಾಡಿದ ‘ಹತ್ತು ಸುಲಭ ಉಪಾಯ’ಗಳನ್ನು ಮಂತ್ರದಂತೆ ಪಾಲಿಸುವವರಿಗೆ ಎರಡು ಸಾಲಿನ ದೋಷಸಂದೇಶ ಓದಲು ಮಾತ್ರ ಪುರಸೊತ್ತಿಲ್ಲ. ಮುಂದಿನ ಸಲ ಅನ್‌ಇನ್‌ಸ್ಟಾಲ್ ಗುಂಡಿಗೆ ಕೈ ಹಾಕುವ ಮೊದಲು ಪಟ್ಟಿ ತೆರೆದು ನೋಡಿ. ಪಾಸ್‌ವರ್ಡ್ ಅಲ್ಲಿದ್ದರೆ ಮರೆತದ್ದು ಪ್ರೋಗ್ರಾಮ್ ಅಲ್ಲ.