‘ಮೋಟರ್ ಆನ್’ ಅಂದರೆ ನೀರು ಬಂತೇ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮೊಬೈಲಿನಿಂದ ಬೋರಿನ ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ಈಗ ಹೊಸದೇನಲ್ಲ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಾಗ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಓಡುವುದು ಇದರಿಂದ ತಪ್ಪುತ್ತದೆ. ಆದರೆ ಫೋನಿಗೆ ‘ಆನ್’ ಎಂಬ ಸಂದೇಶ ಬಂದರೆ ಮೆಣಸಿನ ಗಿಡದ ಬುಡಕ್ಕೆ ನೀರು ಹೋದಂತೆಯೇ ಎಂಬ ನಂಬಿಕೆಯೂ ಜೊತೆಗೆ ಬಂದಿದೆ. ಅದು ಸರಿಯಲ್ಲ. ಏನನ್ನೂ ಅಳೆಯದ ಅಗ್ಗದ ಸಾಧನ ತಿಳಿಸುವುದು, ಕೊಟ್ಟ ಆಜ್ಞೆ ಸ್ಟಾರ್ಟರಿಗೆ ಮುಟ್ಟಿತು ಎಂಬುದನ್ನಷ್ಟೇ. ಬೋರಿನ ಪಕ್ಕ ನಿಂತ ರೈತನಿಗೆ ಮೋಟರಿನ ಹದ ಗೊತ್ತಾಗುವುದು ಸ್ಟಾರ್ಟರ್ ಪೆಟ್ಟಿಗೆಯ ಗುಂಯ್‌ಗುಡುವ ಸದ್ದಿನಿಂದ, ಡೆಲಿವರಿ ಪೈಪಿನ ಮೇಲೆ ಕೈಯಿಟ್ಟಾಗ ಸಿಗುವ ನಡುಕದಿಂದ, ಕಾಲುವೆಗೆ ಬೀಳುವ ನೀರಿನ ರಭಸದಿಂದ. ದೂರದಿಂದ ನಡೆಸುವವನಿಗೆ ಇವೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ಬದಲಿಗೆ ಬೇರೊಂದು ಸುಳಿವು ಕೊಡದಿದ್ದರೆ ಅವನು ಕಣ್ಣು ಕಟ್ಟಿಕೊಂಡೇ ಯಂತ್ರ ಓಡಿಸುತ್ತಾನೆ.

ಆ ಸುಳಿವು ಮೋಟರ್ ಎಳೆಯುವ ಕರೆಂಟಿನಲ್ಲೇ ಇದೆ. ಬೋರಿನಲ್ಲಿ ನೀರು ಇಳಿದರೆ ಪಂಪಿನ ಹೊರೆ ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದು ನೀರೇ ಆದ್ದರಿಂದ ಹಾಗೆಯೇ ಓಡಿಸಿದರೆ ಅದು ಸುಡುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದ ಎರಡರಲ್ಲಿ ಆಂಪಿಯರ್ ಸುಮಾರು 1.7 ಪಟ್ಟಿಗೆ ಏರಬಹುದು. ಎರಡೂ ಸಂದರ್ಭದಲ್ಲಿ ಮೋಟರ್ ತಿರುಗುತ್ತಲೇ ಇರುತ್ತದೆ, ‘ಆನ್’ ಎಂಬ ಸಂದೇಶವೂ ಬದಲಾಗುವುದಿಲ್ಲ. ಹಾಗೆಂದು ಆಂಪಿಯರ್ ಒಂದೇ ಸಾಕೇ? ಸಾಲದು. ವಾಲ್ವ್ ಮುಚ್ಚಿದ್ದರೂ ಅದು ಇಳಿಯುತ್ತದೆ. ಪೈಪು ನಡುವೆ ಒಡೆದು ಪಕ್ಕದ ಹೊಲಕ್ಕೆ ನೀರು ಹರಿದರೆ ಅದನ್ನು ನೆಚ್ಚುವಂತಿಲ್ಲ. ಅದಕ್ಕೆ ಪೈಪಿನ ಕೊನೆಯಲ್ಲಿ ಹರಿವು ನೋಡುವ ಸೆನ್ಸರ್ ಬೇಕು.

ಕ್ಯಾಮೆರಾ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅವರ ಪರ ಒಂದು ಗಟ್ಟಿ ಉದಾಹರಣೆಯೂ ಇದೆ: 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ ಶಸ್ತ್ರಚಿಕಿತ್ಸಾ ರೋಬೋಟಿನಲ್ಲಿ ವೈದ್ಯರು ಎರಡು ದಶಕಕ್ಕೂ ಹೆಚ್ಚು ಕಾಲ ಒತ್ತಡದ ಅರಿವಿಲ್ಲದೆಯೇ, ಅಂಗಾಂಶ ಎಷ್ಟು ಬಾಗುತ್ತದೆಂದು ಕಣ್ಣಿನಿಂದ ನೋಡಿ ಕೆಲಸ ಮಾಡಿದರು. ಒತ್ತಡ ತಿಳಿಸುವ ಮಾದರಿಗೆ ಅನುಮತಿ ಸಿಕ್ಕಿದ್ದು 2024ರಲ್ಲಿ. ಆದರೆ ಆ ವೈದ್ಯರ ಕಣ್ಣಿಗೆ ಕೆಲಸದ ಫಲ ಬಿಚ್ಚಿಟ್ಟಂತೆ ಕಾಣುತ್ತಿತ್ತು. ನೂರಾರು ಅಡಿ ಆಳದ ಪಂಪಿನ ಬಿಸಿಯನ್ನು ಯಾವ ಕ್ಯಾಮೆರಾ ತೋರಿಸೀತು?

ಇಷ್ಟೆಲ್ಲ ಹಾಕಿದರೆ ಖರ್ಚಾಗುತ್ತದಲ್ಲ ಎಂಬ ಮಾತು ನ್ಯಾಯವಾದದ್ದೇ. ಎಲ್ಲ ಸೆನ್ಸರೂ ಎಲ್ಲರಿಗೂ ಬೇಕಿಲ್ಲ. ಒಣ ಓಟ ಮತ್ತು ಫೇಸ್ ತಪ್ಪುವುದನ್ನು ಗುರುತಿಸಿ ತಾನೇ ನಿಲ್ಲುವ ಸ್ಟಾರ್ಟರ್ ಮೊದಲು ಬರಲಿ. ನೆಟ್‌ವರ್ಕ್ ಸಿಗದ ಹೊತ್ತಿನಲ್ಲೂ ಅದು ಕಾಯುತ್ತದೆ. ‘ಆನ್’ ಬಗ್ಗೆ ಯೋಚಿಸುವಾಗ ಜನ ಮರೆಯುವುದು ‘ಆಫ್’ ಸಂದೇಶವನ್ನು. ಕಾಂಟ್ಯಾಕ್ಟರಿನ ಪಾಯಿಂಟ್ ಸುಟ್ಟು ಅಂಟಿಕೊಂಡರೆ ಆಜ್ಞೆ ಹೋದರೂ ಮೋಟರ್ ನಿಲ್ಲದು, ಮೆಣಸಿನ ಬೇರಿಗೆ ನಿಂತ ನೀರು ಆಗಿಬರದು. ಆದ್ದರಿಂದ ಆಂಪಿಯರ್ ಸೊನ್ನೆಗೆ ಇಳಿದದ್ದನ್ನು ಅಳೆದ ಮೇಲೆಯೇ ‘ಆಫ್’ ಎನ್ನುವ ಸಾಧನವೇ ಎಂದು ಅಂಗಡಿಯಲ್ಲೇ ಕೇಳಬೇಕು.